ಬಜಾರಿ ಬಾಯಿ ತೆರೆದ ದಿನ

ಕಂತು ಹದಿನಾಲ್ಕು

"ಆ ಕೋಳ ಬಿಚ್ರೀ ಕಮಾಂಡರೇ. ಓಡಿ ಹೋಗೋ ಮುಖಾನಾ ಅದು?"

ದೋನ್ಯಾ ಕಸಿಲ್ದಾ ಇದನ್ನು ಪಿಸುಗುಟ್ಟಲಿಲ್ಲ. ಬ್ಯಾಂಡಿನವರು ಒಂದು ಹಾಡು ಮುಗಿಸಿ ಇನ್ನೊಂದಕ್ಕೆ ಉಸಿರು ಎಳೆದುಕೊಳ್ಳುವ ಹೊತ್ತು ನೋಡಿಕೊಂಡು, ಇಡೀ ಚೌಕಕ್ಕೆ ಕೇಳುವಂತೆ ಹೇಳಿದರು.

ಕಮಾಂಡರ್ ಬಾರಗಾನ್ ಕರ್ಚೀಫಿನಿಂದ ಕುತ್ತಿಗೆ ಒರೆಸಿಕೊಂಡ. "ಕೋಳ ಇರ್ಲಿ ಬಿಡಿ ದೋನ್ಯಾ. ಜೈಲಿಂದ ಇಲ್ಲಿವರೆಗೆ ಕರ್ಕೊಂಡು ಬಂದಿದ್ದೇ ದೊಡ್ಡದು. ಮೇಯರ್ ನನ್ನನ್ನ ಹಸೀದೇ ತಿಂತಾರೆ."

"ತಿನ್ಲಿ. ನಿಮ್ಮ ಗಾತ್ರಕ್ಕೆ ಅವರಿಗೆ ಮೂರು ದಿನ ಬೇಕು."

ಪಕ್ಕದಲ್ಲಿದ್ದ ಮೆಣಸಿನಕಾಯಿ ಮಾರುವ ಹೆಂಗಸರು ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಎಲಾದಿಯೊ ಮಾತ್ರ ನಗಲಿಲ್ಲ. ಇಬ್ಬರು ಪೇದೆಗಳ ನಡುವೆ ನಿಂತು ತಲೆಯೆತ್ತಿ ಕಾರಂಜಿಯನ್ನೇ ನೋಡುತ್ತಿದ್ದ. ಹತ್ತೊಂಬತ್ತು ದಿನ ಲಾಕಪ್ಪಿನಲ್ಲಿ ಕೂತು ಬಂದ ಮನುಷ್ಯ ಮೊದಲು ಮಗಳ ಮುಖ ನೋಡಬೇಕು. ಅವನು ನೋಡಿದ್ದು ಕಲ್ಲಿನ ಮುಖ.

ವಿಷಯ ಇಷ್ಟೇ: ನಮ್ಮ ಕಾರಂಜಿಯ ಮೇಲಿರುವ ಮೂವರು ಕಲ್ಲಿನ ಹೆಂಗಸರಲ್ಲಿ ಮೂರನೆಯವಳ ತಲೆಯನ್ನು ಕದ್ದು ಮಾರಿ, ಅದರ ಜಾಗದಲ್ಲಿ ತಾನೇ ಕೆತ್ತಿದ ನಕಲಿ ತಲೆಯನ್ನು ಕೂರಿಸಿದ ಎಂಬ ಆರೋಪ ಕಲ್ಲುಕುಟಿಗ ಎಲಾದಿಯೊ ತಿನೋಕೊನ ಮೇಲಿತ್ತು. ಅವತ್ತು ಶನಿವಾರ. ಸೋಮವಾರ ಅವನನ್ನು ರಾಜಧಾನಿಯ ದೊಡ್ಡ ಜೈಲಿಗೆ ಸಾಗಿಸುವವರಿದ್ದರು. ಅಲ್ಲಿಗೆ ಹೋದವರು ಮರಳಿ ಬಂದರೂ ಕೆಲಸ ಮಾಡುವ ಕೈ ಮರಳಿ ಬರುವುದಿಲ್ಲ.

ನಾನು ನಾಬೋರ್. ಮರದ ಪೆಟ್ಟಿಗೆಯ ಕ್ಯಾಮೆರಾ ಇಟ್ಟುಕೊಂಡು ಮೂವತ್ತೊಂದು ವರ್ಷದಿಂದ ಈ ಕಾರಂಜಿಯ ಮುಂದೆಯೇ ಹೊಟ್ಟೆ ಹೊರೆದುಕೊಂಡವನು. ಎಲಾದಿಯೊನ ಮಗಳು ಒತಿಲಿಯಾಳನ್ನು ಜ್ಞಾನಸ್ನಾನದ ದಿನ ಎತ್ತಿಕೊಂಡು ನಿಂತವನೂ ನಾನೇ. ಅವಳಿಗೆ ನಾನು ಪಾದ್ರಿನೊ, ಅಂದರೆ ಧರ್ಮತಂದೆ; ಆ ನಂಟಿನಿಂದ ಅವಳಪ್ಪನಿಗೆ ಕಂಪಾದ್ರೆ. ಆದ್ದರಿಂದ ಈ ಕಥೆಯಲ್ಲಿ ನಾನು ಯಾರ ಕಡೆ ಎಂದು ಕೇಳುವವರು ಬೇರೆ ಧಾರಾವಾಹಿ ಓದಿಕೊಳ್ಳಬಹುದು.

ನಮ್ಮೂರು ಸಾನ್ ಮಾರ್ಸಿಯಾಲಿನಲ್ಲಿ ಹುಟ್ಟಿದವರಿಗೆ ಈ ಕಾರಂಜಿಯ ಕಥೆ ತಾಯಿಯ ಹಾಲಿನ ಜೊತೆಗೇ ಬರುತ್ತದೆ. ಸ್ಪೇನಿನ ರಾಜನ ಕಾಲ. ಮೂರು ವರ್ಷ ಮಳೆಯಿಲ್ಲ. ಬೆಟ್ಟದಿಂದ ಕೊಳವೆಯಲ್ಲಿ ಬರುತ್ತಿದ್ದ ನೀರು ಅರಮನೆಗೂ ಸನ್ಯಾಸಿನಿಯರ ಕಾನ್ವೆಂಟಿಗೂ ಮಾತ್ರ. ನೀರು ಹೊರುವ ಮೂವರು ಹೆಂಗಸರು ಒಂದು ಬೆಳಿಗ್ಗೆ ಕೊಡಗಳನ್ನು ಕೆಳಗಿಟ್ಟು, ಕುಟಿಗರ ಕೇರಿಯಿಂದ ಸುತ್ತಿಗೆ ತಂದು, ಇದೇ ಚೌಕದಲ್ಲಿ ಆ ಕೊಳವೆಯನ್ನು ಒಡೆದರು. ಮೂರು ದಿನ ಊರೆಲ್ಲ ಕುಡಿಯಿತು. ನಾಲ್ಕನೆಯ ದಿನ ಆ ಮೂವರೂ ಇರಲಿಲ್ಲ. ಅವರ ಹೆಸರು ಯಾವ ಕಾಗದದಲ್ಲೂ ಇಲ್ಲ.

ಸ್ವಾತಂತ್ರ್ಯ ಬಂದ ಮೇಲೆ ಅದೇ ಜಾಗದಲ್ಲಿ ಕಾರಂಜಿ ಎದ್ದಿತು. ಶ್ರದ್ಧೆ, ಭರವಸೆ, ದಾನ ಎಂಬ ಮೂರು ದೇವಿಯರನ್ನು ಕೆತ್ತಬೇಕು ಎಂದು ಗವರ್ನರ್ ಸಾಹೇಬರ ಹುಕುಂ. ಕುಟಿಗರು ಟೋಪಿ ತೆಗೆದು ಆಗಲಿ ಸ್ವಾಮಿ ಅಂದರು. ಆಮೇಲೆ ತಮಗೆ ಬೇಕಾದ್ದನ್ನು ಕೆತ್ತಿದರು. ಶ್ರದ್ಧೆಯ ಹಿಮ್ಮಡಿ ಒಡೆದಿದೆ. ಭರವಸೆ ಕೊಡವನ್ನು ಎಡಗೈಯಲ್ಲಿ ಹಿಡಿದಿದ್ದಾಳೆ. ದಾನದ ದೇವಿ ಸೊಂಟಕ್ಕೆ ಕೈಯಿಟ್ಟು, ಇಗರ್ಜಿಗೆ ಬೆನ್ನು ಹಾಕಿ, ಅರಮನೆಯ ಬಾಗಿಲನ್ನೇ ದುರುಗುಟ್ಟಿ ನೋಡುತ್ತಿದ್ದಾಳೆ. ಹಿತ್ತಾಳೆ ಫಲಕದಲ್ಲಿ ಏನು ಬೇಕಾದರೂ ಇರಲಿ, ಊರಿನ ಬಾಯಲ್ಲಿ ಅವರು ಕರಿಯಕ್ಕ, ಎಡಚಿ ಮತ್ತು ಬಜಾರಿ.

ಕಾರಂಜಿಯನ್ನು ರಿಪೇರಿಗೆಂದು ಎಂಟು ತಿಂಗಳು ಟಾರ್ಪಾಲಿನಲ್ಲಿ ಮುಚ್ಚಿದ್ದರು. ಟಾರ್ಪಾಲು ತೆಗೆದ ದಿನ ಮೆಣಸಿನಕಾಯಿ ಮಾರುವ ದೋನ್ಯಾ ಚೋಲೆ ಒಮ್ಮೆ ಮೇಲೆ ನೋಡಿ, "ಇವಳು ನಮ್ಮ ಬಜಾರಿ ಅಲ್ಲ ಕಣ್ರೇ!" ಎಂದು ಬುಟ್ಟಿ ಬಿಟ್ಟು ಕಿರುಚಿದಳು. ಕೆಳಗಿಳಿಸಿ ನೋಡಿದರೆ ಕುತ್ತಿಗೆಯ ತಳದಲ್ಲಿ ತಿನೋಕೊ ಮನೆತನದ ಗುರುತು: ವೃತ್ತದೊಳಗೆ ಒಂದು ಸುತ್ತಿಗೆ. ರಿಪೇರಿಯ ಹೊಣೆ ಹೊತ್ತಿದ್ದ ಇಂಜಿನಿಯರ್ ಲಾಂದೆತಾ ಆ ಗುರುತನ್ನು ಬೆರಳಿಟ್ಟು ತೋರಿಸಿದ. ಎಲಾದಿಯೊನನ್ನು ಅದೇ ಸಂಜೆ ಹಿಡಿದರು. ಆ ತಲೆಯನ್ನು ಅವನಿಗೆ ತೋರಿಸಲೂ ಇಲ್ಲ.

ಮೇಯರ್ ಮಾತ್ರ ಉದ್ಘಾಟನೆ ನಿಲ್ಲಿಸಲಿಲ್ಲ. ತಲೆಯೇ ಇಲ್ಲದ ಹೆಂಗಸಿಗಿಂತ ನಕಲಿ ತಲೆಯ ಹೆಂಗಸು ವಾಸಿ ಎಂಬುದು ಅವರ ನ್ಯಾಯ. ಅದನ್ನೇ ಮತ್ತೆ ಮೇಲೆ ಕೂರಿಸಿದರು.

ಅವತ್ತು ಮೇ ಮೂರು, ಪವಿತ್ರ ಶಿಲುಬೆಯ ದಿನ, ಕುಟಿಗರ ಹಬ್ಬ. ಊರಿನ ಒಬ್ಬನೇ ಒಬ್ಬ ಕುಟಿಗನೂ ಆ ದಿನ ಉಳಿ ಮುಟ್ಟುವುದಿಲ್ಲ. ಇನ್ನೂರು ಜನ ಒಗೆದ ಅಂಗಿ ತೊಟ್ಟು, ಕಾಗದದ ಹೂ ಸುತ್ತಿದ ಶಿಲುಬೆ ಹೊತ್ತುಕೊಂಡು ಚೌಕದಲ್ಲಿ ನೆರೆದಿದ್ದರು. ದೋನ್ಯಾ ಕಸಿಲ್ದಾ ಈ ದಿನಕ್ಕಾಗಿಯೇ ಕಾದಿದ್ದರು ಎಂದು ನನಗೆ ತಿಳಿದದ್ದು ಆಮೇಲೆ.

ಆ ಹೆಂಗಸಿನ ಬಗ್ಗೆ ಹೊಸಬರಿಗೆ ಒಂದು ಮಾತು. ಐವತ್ತೆಂಟು ವರ್ಷ, ವಿಧವೆ, ಬೇಕರಿಯ ಮಹಡಿಯಲ್ಲಿ ಆಫೀಸು. ಬಾಗಿಲ ಮೇಲೆ 'ಖಾಸಗಿ ವಿಚಾರಣೆ' ಎಂಬ ಬೋರ್ಡು. ನಿಧಾನ ನಡೆಯುತ್ತಾರೆ, ಬೇಗ ಯೋಚಿಸುತ್ತಾರೆ, ಎದುರಿದ್ದವರ ಮಾನ ಕಳೆಯುವುದರಲ್ಲಿ ಅವರಿಗೆ ಸಮಾನರಿಲ್ಲ.

"ಪಾದ್ರಿನೊ, ಇವರಿಗೆ ಏನು ಸಿಕ್ಕಿದೆ? ನಂಗೆ ಒಂದೂ ಹೇಳ್ತಿಲ್ಲ," ಎಂದು ಒತಿಲಿಯಾ ನನ್ನ ತೋಳು ಹಿಡಿದಳು. ಅವಳ ಕೈ ತಣ್ಣಗಿತ್ತು. ಇಪ್ಪತ್ತನಾಲ್ಕು ವರ್ಷದ ಹುಡುಗಿ, ಅಪ್ಪನ ಹಾಗೇ ಕಲ್ಲು ಕೆತ್ತುವವಳು. ದೋನ್ಯಾ ಕಸಿಲ್ದಾರ ಬಾಗಿಲು ತಟ್ಟಿ, ಅತ್ತು ಕರೆದು ಈ ಕೇಸು ಹಿಡಿಸಿದವಳೇ ಅವಳು.

"ಸುಮ್ನಿರಮ್ಮ. ಅವರು ಹೇಳದೆ ಇದ್ದಾಗಲೇ ಒಳ್ಳೇದಾಗೋದು," ಅಂದೆ.

ವೇದಿಕೆಯ ಮೇಲೆ ಮೇಯರ್ ನಾಗರಿಕತೆ, ಪ್ರಗತಿ ಎಂದೆಲ್ಲ ಹೇಳಿ ಮುಗಿಸಿದರು. ಅವರ ಬಲಕ್ಕೆ ಬಿಳಿ ಸೂಟಿನಲ್ಲಿ ಇಂಜಿನಿಯರ್ ಲಾಂದೆತಾ. ಆ ಸೂಟಿನ ಮೇಲೆ ಕಲ್ಲಿನ ಧೂಳು ಬಿದ್ದದ್ದನ್ನು ನಾನಂತೂ ಒಂದು ದಿನವೂ ಕಂಡಿಲ್ಲ.

ಮೇಯರ್ ನೀರು ಬಿಡುವ ಚಕ್ರದ ಕಡೆ ಹೆಜ್ಜೆ ಇಟ್ಟರು. ಆಗ ದೋನ್ಯಾ ಕಸಿಲ್ದಾ ಕೈಯೆತ್ತಿದರು.

"ಮೇಯರ್ ಸಾಹೇಬ್ರೇ, ಒಂದು ಅರಿಕೆ. ಎಂಟು ತಿಂಗಳು ಕಷ್ಟಪಟ್ಟೋರು ಇಂಜಿನಿಯರು. ನೀರು ಅವರ ಕೈಯಲ್ಲೇ ಬಿಡಿಸಿ. ಊರೇ ನೋಡ್ಲಿ."

ಮೇಯರ್‌ಗೆ ಇದು ಶತ್ರುವಿನ ಬಾಯಿಂದ ಬಂದ ಹೂಮಾಲೆಯಂತೆ ಕೇಳಿಸಿತು. ಲಾಂದೆತಾ ಎದೆಯ ಮೇಲೆ ಕೈಯಿಟ್ಟು ಬಾಗಿದ. "ದೋನ್ಯಾ ಕೊನೆಗೂ ಸೋಲೊಪ್ಕೊಂಡ್ರಿ."

"ಮನೆಗೆ ಹೋಗಿ ಆಮೇಲೆ ಅಳ್ತೀನಿ. ನೀವು ತಿರುಗಿಸಿ."

ಅವನು ಕೋಟಿನ ತೋಳು ಮೇಲೆ ಸರಿಸಿಕೊಂಡು ಚಕ್ರ ತಿರುಗಿಸಿದ. ಕೊಳವೆ ಕೆಮ್ಮಿತು. ಗಾಳಿ ಬಂತು, ಕೆಂಪು ನೀರು ಬಂತು, ಆಮೇಲೆ ತಿಳಿನೀರು ಮೂರು ಕೊಡಗಳಿಂದಲೂ ಚಿಮ್ಮಿ ಮೂವರ ತಲೆಯ ಮೇಲೆ ಬಿತ್ತು. ಜನ ಚಪ್ಪಾಳೆ ತಟ್ಟಿದರು. ಬ್ಯಾಂಡು ಶುರುವಾಯಿತು.

"ಬ್ಯಾಂಡ್ ನಿಲ್ಸಿ," ಎಂದರು ದೋನ್ಯಾ ಕಸಿಲ್ದಾ. "ಹತ್ತು ನಿಮಿಷ ಕಲ್ಲು ನೆನೀಲಿ. ಎಲ್ರೂ ಬಜಾರಿ ಬಾಯಿ ನೋಡ್ತಾ ಇರಿ."

ಊರಿಗೆ ಅಷ್ಟು ಹೇಳಿದರೆ ಸಾಕಿತ್ತು. ಬಜಾರಿಯ ವಿಷಯ ಇಲ್ಲಿ ಯಾರಿಗೆ ಗೊತ್ತಿಲ್ಲ! ಒಣಗಿದ್ದಾಗ ತುಟಿ ಬಿಗಿದಿರುತ್ತಾಳೆ. ನೀರು ಬಿದ್ದು ನೆನೆದರೆ ಬಾಯಿ ತೆರೆದು ಅರಮನೆಯ ಕಡೆ ಏನೋ ಕೂಗುವವಳಂತೆ ಕಾಣುತ್ತಾಳೆ. ಏನು ಕೂಗುತ್ತಾಳೆ ಎಂಬುದಕ್ಕೆ ಮನೆಗೊಂದು ಉತ್ತರವಿದೆ, ಅರ್ಧದಷ್ಟು ಅಚ್ಚು ಹಾಕಲಾಗದಂಥವು.

ಲಾಂದೆತಾನ ಮುಖ ನೋಡಿದೆ. ಅವನು ಜನರನ್ನು ನೋಡಿ, ಕಾರಂಜಿಯನ್ನು ನೋಡಿ, ಮತ್ತೆ ಜನರನ್ನು ನೋಡಿದ. ಎಲ್ಲರೂ ಏನನ್ನು ಕಾಯುತ್ತಿದ್ದಾರೆ ಎಂದು ಅವನೊಬ್ಬನಿಗೇ ಗೊತ್ತಿರಲಿಲ್ಲ.

ಕಲ್ಲು ನಿಧಾನವಾಗಿ ಬಣ್ಣ ಕುಡಿಯಿತು. ನಮ್ಮ ಗುಲಾಬಿ ಕಲ್ಲು ಒಣಗಿದ್ದಾಗ ಒಂದೇ ಬಣ್ಣ. ನೆನೆದರೆ ಒಳಗಿನ ಪದರಗಳು ಕಪ್ಪಗೆ ಎದ್ದು ಕಾಣುತ್ತವೆ. ಕರಿಯಕ್ಕನ ಮುಖದಲ್ಲಿ, ಎಡಚಿಯ ಎದೆಯಲ್ಲಿ ಗೆರೆಗಳು ಅಡ್ಡಡ್ಡಲಾಗಿ, ಮೆಕ್ಕೆಜೋಳದ ರೊಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿದಂತೆ ಮೂಡಿದವು.

ಬಜಾರಿಯ ಮುಖದಲ್ಲಿ ಗೆರೆಗಳು ಉದ್ದುದ್ದ ಮೂಡಿದವು. ಹಣೆಯಿಂದ ಗಲ್ಲದವರೆಗೆ ನೆಟ್ಟಗೆ ಆರೇಳು ಗೆರೆ. ಬಾಯಿ ತೆರೆಯಲೇ ಇಲ್ಲ.

ಮೊದಲು ನಕ್ಕವರು ಯಾರೋ ಗೊತ್ತಿಲ್ಲ. ಕುಟಿಗರ ಗುಂಪಿನ ಹಿಂದಿನಿಂದ ಒಂದು ನಗು ಬಂತು. ಅದು ಇನ್ನೂರು ಜನರ ನಗುವಾಯಿತು.

"ದೋನ್ ತ್ರಾಂಕಿಲೀನೊ, ಸ್ವಲ್ಪ ಮುಂದೆ ಬನ್ನಿ," ಎಂದು ಕರೆದರು ದೋನ್ಯಾ ಕಸಿಲ್ದಾ. ಊರಿನ ಅತಿ ಹಿರಿಯ ಕುಟಿಗ, ಎಂಬತ್ತನಾಲ್ಕು ವರ್ಷ, ಟೋಪಿಯಲ್ಲಿ ಕಾಗದದ ಹೂ. "ಇದೇನು, ನಂಗರ್ಥ ಆಗಲ್ಲ. ನೀವು ಹೇಳಿ."

ಮುದುಕ ಕಣ್ಣು ಕಿರಿದು ಮಾಡಿ ನೋಡಿ ನೆಲಕ್ಕೆ ಉಗುಳಿದ. "ನಿಂತ ಕಲ್ಲು."

"ಹಂಗಂದ್ರೆ?"

"ಹಂಗಂದ್ರೆ ಕತ್ತೆ ಕೆಲಸ ಅಂತ. ಕ್ವಾರಿಯಲ್ಲಿ ಕಲ್ಲು ಹ್ಯಾಗೆ ಮಲಗಿತ್ತೋ, ಕೆತ್ತಿ ಕೂರಿಸಿದ ಮೇಲೂ ಹಂಗೇ ಮಲಗಿರಬೇಕು. ಅದಕ್ಕೇ ಎಬ್ಬಿಸೋ ಮೊದಲೇ ಆಕಾಶ ನೋಡೋ ಮುಖಕ್ಕೆ ಸುಣ್ಣದಲ್ಲಿ ಶಿಲುಬೆ ಬರೀತೀವಿ. ಇದನ್ನ ನಿಲ್ಸಿ ಕೆತ್ತಿದಾರೆ. ನಿಲ್ಸಿದ್ರೆ ನೀರು ಕುಡ್ದು ಹತ್ತು ವರ್ಷಕ್ಕೆ ಈರುಳ್ಳಿ ಥರ ಸಿಪ್ಪೆ ಬಿಡತ್ತೆ."

"ಮರೆತು ಯಾರಾದ್ರೂ ನಿಲ್ಸಿದ್ರೆ?"

"ನಮ್ಮಲ್ಲಾ? ಒಂದು ವಾರ ನಿಂತ್ಕೊಂಡೇ ಉಣ್ಬೇಕು! ಹೆಂಡ್ತಿ ಮುಂದೆ, ಮಕ್ಕಳ ಮುಂದೆ, ಕೇರಿ ಮುಂದೆ. ನಾನು ಹನ್ನೆರಡನೇ ವಯಸ್ಸಲ್ಲಿ ಒಂದ್ಸಲ ಉಂಡಿದ್ದೆ. ಇವತ್ತೂ ಈ ಮಕ್ಕಳು ಆಡ್ಕೊಳ್ತಾವೆ."

"ಎಲಾದಿಯೊ?"

"ಅವನೋ! ನಿದ್ದೇಲಿ ಕೆತ್ತಿದ್ರೂ ಮಲಗ್ಸೇ ಕೆತ್ತಾನೆ."

ಕೋಳದಲ್ಲಿದ್ದ ಎಲಾದಿಯೊ ಆಗ ಬಾಯಿ ಬಿಟ್ಟ. ಅವನ ಧ್ವನಿ ಒಡೆದಿತ್ತು. "ನೀರು ಹಾಕಿ ನೋಡ್ರಪ್ಪಾ ಅಂತ ಮೊದಲ್ನೇ ದಿನದಿಂದ ಹೇಳ್ದೆ ಕಂಪಾದ್ರೆ. ಯಾರೂ ಬರ್ಕೊಳ್ಳಲಿಲ್ಲ."

ಹತ್ತೊಂಬತ್ತು ದಿನ ಒಂದೇ ಸತ್ಯವನ್ನು ಹೇಳುತ್ತಾ ಕೂತವನಿಗೆ ಯಾರು ಏನು ಉತ್ತರ ಕೊಡುತ್ತಾರೆ?

ಲಾಂದೆತಾ ಚಕ್ರವನ್ನು ಬಿಟ್ಟು ಮುಂದೆ ಬಂದ. "ನಾಟಕ ಚೆನ್ನಾಗಿದೆ. ಬೇಕಂತಲೇ ನಿಲ್ಸಿ ಕೆತ್ತಿರಬಹುದಲ್ಲ? ತನ್ನ ಮೇಲೆ ಅನುಮಾನ ಬರಬಾರದು ಅಂತ?"

"ಓಹೋ. ಅನುಮಾನ ಬರಬಾರದು ಅಂತ ಕಲ್ಲು ನಿಲ್ಸಿದ. ಆಮೇಲೆ ಕುತ್ತಿಗೆ ಕೆಳಗೆ ಮನೆತನದ ಗುರುತು ಕೊರೆದ. ಕೈವಾಡ ಮುಚ್ಚಿಡೋನು ಸಹಿ ಯಾಕ್ರೀ ಹಾಕ್ತಾನೆ?"

"ಹಾಗಿದ್ರೆ ಆ ಗುರುತು ಅಲ್ಲಿಗೆ ಹ್ಯಾಗೆ ಬಂತು?"

"ಅಸಲಿ ತಲೆಯ ಕೆಳಗೂ ಅದೇ ಗುರುತಿತ್ತು. ಕೆತ್ತಿದ್ದು ಇವನ ಮುತ್ತಜ್ಜನ ಅಪ್ಪ. ನಕಲು ಮಾಡಿದೋನು ಸುಕ್ಕು, ಮಚ್ಚೆ, ಗುರುತು ಎಲ್ಲಾನೂ ನಿಯತ್ತಾಗಿ ನಕಲು ಮಾಡಿದ. ಒಂದು ಬಿಟ್ಟು." ಅವರು ನನ್ನ ಕಡೆ ಕೈ ಚಾಚಿದರು. "ನಾಬೋರ್, ಆ ಡಬ್ಬ ಕೊಡಿ."

ಬಿಸ್ಕತ್ತಿನ ಡಬ್ಬದಲ್ಲಿ ನನ್ನ ಮೂವತ್ತೊಂದು ವರ್ಷವಿತ್ತು. ಮದುವೆಗಳು, ಸೈನ್ಯಕ್ಕೆ ಹೊರಟವರು, ಮೊದಲ ಪರಮಪ್ರಸಾದದ ಮಕ್ಕಳು. ಹಿಂದೆ ಯಾವಾಗಲೂ ಬಜಾರಿ. ಕಳೆದ ವಾರ ದೋನ್ಯಾ ಕಸಿಲ್ದಾ ನನ್ನ ಅಂಗಡಿಯಲ್ಲಿ ಕೂತು ಮೂರು ಸಾವಿರ ಫೋಟೊ ನೋಡಿದ್ದರು. ಮೂರು ಲೋಟ ಚಾಕೊಲೇಟು ಕುಡಿದು, ಒಂದಕ್ಕೂ ನಾನು ಚೆನ್ನಾಗಿ ತೆಗೆದಿದ್ದೇನೆ ಎಂದು ಹೇಳಿರಲಿಲ್ಲ.

ಎರಡು ಫೋಟೊಗಳನ್ನು ಅವರು ಮೇಲೆತ್ತಿ ಹಿಡಿದರು. "ಇದು ಒಣಗಿದ್ದಾಗ. ಇದು ನೀರಿದ್ದಾಗ. ನೋಡಿ, ಕಲ್ಲಿನ ಒಂದು ಕರೀ ಪದರ ಸರಿಯಾಗಿ ತುಟಿಗಳ ನಡುವೆ ಅಡ್ಡ ಹಾದಿದೆ. ಮುದುಕ ತಿನೋಕೊ ಆ ಪದರ ಹುಡುಕಿ ಬಾಯಿಯನ್ನ ಅಲ್ಲೇ ಇಟ್ಟ. ಗವರ್ನರು ನೋಡೋಕೆ ಬಂದಾಗ ಕಾರಂಜಿ ಒಣಗಿತ್ತು. ಮೂಗಿ ಥರ ನಿಂತಿದ್ಲು. ಗವರ್ನರು ಮನೆಗೆ ಹೋದ್ಮೇಲೆ ನೀರು ಬಿಟ್ರು. ಬಾಯಿ ಬಿಟ್ಲು."

ನೂರ ಮೂವತ್ತು ವರ್ಷ ಕುಟಿಗರ ಕೇರಿ ಇದನ್ನು ತಮ್ಮೊಳಗೇ ಇಟ್ಟುಕೊಂಡಿತ್ತು. ಉಳಿದ ನಾವು ಪವಾಡ ಅಂದುಕೊಂಡಿದ್ದೆವು. ಪವಾಡಕ್ಕಿಂತ ಇದೇ ನನಗೆ ಹೆಚ್ಚು ಹಿಡಿಸಿತು.

"ಇಂಜಿನಿಯರೇ, ಈ ಊರಿಗೆ ಬಂದು ಎಷ್ಟು ತಿಂಗಳಾಯ್ತು?"

"ಎಂಟು. ಎಲ್ರಿಗೂ ಗೊತ್ತು."

"ನೀರು ನಿಲ್ಸಿ?"

ಅವನು ಮೇಯರ್ ಕಡೆ ತಿರುಗಿದ.

"ನಾನೇ ಹೇಳ್ತೀನಿ. ಬಂದ ದಿನಾನೇ ನೀರು ನಿಲ್ಸಿದ್ರಿ. ಈ ಊರಲ್ಲಿ ಬಜಾರಿ ಬಾಯಿ ಬಿಟ್ಟಿದ್ದನ್ನ ನೋಡದೇ ಇರೋನು ನೀವೊಬ್ರೇ. ನಕಲು ಕೆತ್ತಿಸಿದೋನೂ ಅದನ್ನ ನೋಡಿರಲಿಲ್ಲ. ಊರಾಚೆ ನಿಮ್ಮ ಅಂಗಳದಲ್ಲಿ ಯಂತ್ರದ ಗರಗಸ ಇದೆಯಲ್ಲ, ಅದು ಕಲ್ಲನ್ನ ಮಲಗ್ಸಿ ಕೊಯ್ಯತ್ತೋ, ನಿಲ್ಸಿ ಕೊಯ್ಯತ್ತೋ?"

"ನಿಲ್ಸಿ!" ಎಂದು ಕುಟಿಗರ ಗುಂಪು ಒಂದೇ ಗಂಟಲಲ್ಲಿ ಉತ್ತರಿಸಿತು.

ಮೇಯರ್ ಎದ್ದು ನಿಂತರು. ಏನೋ ಹೇಳಲು ಬಾಯಿ ತೆರೆದು, ಚೌಕವನ್ನು ಒಮ್ಮೆ ನೋಡಿ ಕೂತರು. ಚುನಾವಣೆಗೆ ನಾಲ್ಕು ತಿಂಗಳಿತ್ತು.

"ಕಮಾಂಡರೇ," ಎಂದು ದೋನ್ಯಾ ಕಸಿಲ್ದಾ ಸಿಹಿಯಾಗಿ ಕರೆದರು, "ಹೋದ ವಾರ ಆ ಅಂಗಳ ಹುಡುಕ್ರೀ ಅಂದಾಗ ಆಧಾರ ಇಲ್ಲ ಅಂದ್ರಿ. ಈಗ ನೆತ್ತಿ ಮೇಲಿಂದ ಆಧಾರ ಸುರೀತಾ ಇದೆ. ಹೋಗ್ತೀರೋ, ಛತ್ರಿ ತರಿಸ್ಲೋ?"

ಬಾರಗಾನ್ ಹೋದ. ಸ್ವತಃ ಹೋದ, ಓಡಿಕೊಂಡು. ಆ ಮನುಷ್ಯ ಓಡಿದ್ದನ್ನು ನಾನು ಅವತ್ತು ಮೊದಲ ಸಲ ಕಂಡೆ.

ನಲವತ್ತು ನಿಮಿಷ. ಒಬ್ಬರೂ ಜಾಗ ಬಿಡಲಿಲ್ಲ. ಕುಟಿಗರ ಹೆಂಡಂದಿರು ಹಬ್ಬಕ್ಕೆಂದು ಮಾಡಿ ತಂದಿದ್ದ ಮೋಳೆ ಎಂಬ ಕೋಳಿಸಾರಿನ ಪಾತ್ರೆಗಳನ್ನು ಅಲ್ಲೇ ಬಿಚ್ಚಿದರು. ಕೋಳಿ, ಮೆಣಸಿನ ಗೊಜ್ಜಿನ ಘಮ ಚೌಕವೆಲ್ಲ ಹರಡಿತು. ದೋನ್ಯಾ ಚೋಲೆ ಒಂದು ತಟ್ಟೆ ತುಂಬಿಕೊಂಡು ಹೋಗಿ ಲಾಂದೆತಾನ ಮುಂದೆ ಹಿಡಿದಳು. ಅವನು ಕುರ್ಚಿಯಲ್ಲಿ ಕೂರಲು ಹೋದ. "ಊಹೂಂ. ನಿಂತು ಉಣ್ಣಿ," ಎಂದು ಅವಳು ಕುರ್ಚಿ ಎಳೆದುಕೊಂಡಳು.

ಅದು ಸಾಕಾಯಿತು. "ನಿಂತು ಉಣ್ಣು! ನಿಂತು ಉಣ್ಣು!" ಚೌಕ ಕುಣಿಯಿತು. ಬ್ಯಾಂಡಿನ ಡೋಲಿನವನೂ ತಾಳ ಹಿಡಿದ. ಆ ಬಿಳಿ ಸೂಟು ನೆತ್ತಿಯ ಬಿಸಿಲಲ್ಲಿ ತಟ್ಟೆ ಹಿಡಿದು ನಿಂತದ್ದನ್ನು ನೆನೆದರೆ ಇವತ್ತಿಗೂ ನನಗೆ ಹೊಟ್ಟೆ ತುಂಬುತ್ತದೆ.

ಪೊಲೀಸ್ ಲಾರಿ ಹಾರ್ನು ಹೊಡೆಯುತ್ತ ಬಂತು. ಬಾರಗಾನ್ ಎದೆಗೊತ್ತಿ ಹಿಡಿದಿದ್ದ ಗೋಣಿಚೀಲವನ್ನು ಮಗುವಿನಂತೆ ಇಳಿಸಿದ. ಅವನ ಮೀಸೆಯೆಲ್ಲ ಸುಣ್ಣ. "ಸುಣ್ಣದ ಮೂಟೆಗಳ ಕೆಳಗಿತ್ತು ದೋನ್ಯಾ," ಎಂದು ಏದುಸಿರು ಬಿಟ್ಟ. ಆಮೇಲೆ ಯಾರೂ ಹೇಳದೆ ತಾನೇ ಬೀಗದಕೈ ತೆಗೆದು ಎಲಾದಿಯೊನ ಕೋಳ ಬಿಚ್ಚಿದ. "ತಪ್ಪಾಯ್ತು ಮೇಸ್ತ್ರಿ."

ಗೋಣಿ ಸರಿಸಿದರೆ ಬಜಾರಿ. ಸುಣ್ಣ ಬಳಿದುಕೊಂಡ, ಕುತ್ತಿಗೆಯ ಒಂದು ಬದಿ ಚಕ್ಕೆ ಹಾರಿದ, ನಮ್ಮದೇ ಬಜಾರಿ.

ಎಲಾದಿಯೊ ಚಪ್ಪಲಿ ಬಿಟ್ಟು, ತಲೆಯನ್ನು ಎರಡು ಕೈಯಲ್ಲಿ ಎತ್ತಿಕೊಂಡು ಕಾರಂಜಿಯ ತೊಟ್ಟಿಗೆ ಇಳಿದ. ಒತಿಲಿಯಾ ಅವನ ಹಿಂದೆಯೇ ಲಂಗ ಎತ್ತಿ ಕಟ್ಟಿ ಇಳಿದಳು. ಮೊಣಕಾಲುದ್ದ ನೀರು. ಎಡಚಿಯ ಕೊಡದಿಂದ ಬೀಳುತ್ತಿದ್ದ ಧಾರೆಯ ಕೆಳಗೆ ಅವನು ಆ ತಲೆಯನ್ನು ಹಿಡಿದು, ಅರಮನೆಯ ಕಡೆ ಮುಖ ಮಾಡಿಸಿ ಎತ್ತಿದ.

ಸುಣ್ಣ ತೊಳೆದು ಹೋಯಿತು. ಕಲ್ಲು ಕುಡಿಯಿತು. ತುಟಿಗಳ ನಡುವೆ ಕಪ್ಪು ಗೆರೆ ಮೆಲ್ಲಗೆ ಮೂಡಿ ಅಗಲವಾಯಿತು.

ಬಜಾರಿ ಬಾಯಿ ತೆರೆದಳು.

ಆ ಕೂಗು ಕಲ್ಲಿನಿಂದ ಬಂತೋ, ಐದು ಸಾವಿರ ಗಂಟಲಿನಿಂದ ಬಂತೋ ಹೇಳಲಾರೆ. ಇಗರ್ಜಿಯ ಗಂಟೆ ಹೊಡೆಯಿತು, ಆಕಾಶಕ್ಕೆ ಬಾಣಬಿರುಸು ಹಾರಿದವು. ದೋನ್ ತ್ರಾಂಕಿಲೀನೊ ಟೋಪಿಯ ಹೂವನ್ನು ನೀರಿಗೆ ಎಸೆದ, ಇನ್ನೂರು ಕುಟಿಗರೂ ಎಸೆದರು. ನಾನು ಅಳುತ್ತಲೇ ಕ್ಯಾಮೆರಾದ ಮುಚ್ಚಳ ತೆಗೆದೆ, ಮೂರು ಎಣಿಸಿದೆ, ಮುಚ್ಚಿದೆ. ಮೂವತ್ತೊಂದು ವರ್ಷದಲ್ಲಿ ನಾನು ತೆಗೆದ ಅತ್ಯುತ್ತಮ ಫೋಟೊ ಅದೇ ಎಂದು ತೊಳೆಯುವ ಮೊದಲೇ ಗೊತ್ತಾಗಿತ್ತು. ಪೆಟ್ಟಿಗೆಯೊಳಗೆ ಕೈ ತೂರಿಸಿ ಕಾಗದವನ್ನು ಅಲ್ಲೇ ಇರುವ, ಫೋಟೊ ತೊಳೆಯುವ ಮದ್ದಿನ ನೀರಿಗೆ ಹಾಕಿದೆ.

ಆಮೇಲೆ ಎಲಾದಿಯೊ ಚಕ್ಕೆ ಹಾರಿದ್ದ ಕಡೆ ನೋಡಲು ತಲೆಯನ್ನು ತಿರುವಿದ. ಬೆರಳನ್ನು ಕುತ್ತಿಗೆಯ ತಳದೊಳಗೆ ಇಟ್ಟ. ಅವನ ನ‌ಗು ಹಾಗೆಯೇ ನಿಂತಿತು.

"ಸೀಸದ ಬಿರಡೆ ಇಲ್ಲ," ಅಂದ. "ಇಲ್ಲೊಂದು ಬಿರಡೆ ಇತ್ತು. ಕಿತ್ತಿದ್ದಾರೆ."

ಆಗ ಲಾಂದೆತಾ ಬಾಯಿ ಬಿಟ್ಟ. ಕೈಯಲ್ಲಿ ಇನ್ನೂ ತಟ್ಟೆ, ಎರಡು ಬದಿಗೆ ಪೇದೆಗಳು. ಅವನ ಮುಖದಲ್ಲಿ ಸೋತವನ ಕಳೆ ಇರಲಿಲ್ಲ.

"ತಲೆ ಮಾರೋಕೆ ಕದ್ದೆ ಅಂದ್ಕೊಂಡ್ರಾ ದೋನ್ಯಾ? ಮಾರೋ ಹಾಗಿದ್ರೆ ಎಂಟು ತಿಂಗಳು ಸುಣ್ಣದ ಕೆಳಗೆ ಯಾಕೆ ಬಿದ್ದಿರ್ತಿತ್ತು? ಒಳಗಿದ್ದದ್ದು ಬೇಕಾಗಿತ್ತು, ತೆಗೆದ್ವಿ. ತೆಗೆಯೋವಾಗ ಕುತ್ತಿಗೆ ಒಡೀತು. ಅದಕ್ಕೇ ನಕಲು ಮಾಡಿಸ್ಬೇಕಾಯ್ತು. ಅಷ್ಟೇ ನನ್ನ ಕಥೆ."

"ಬೇಕಾಗಿದ್ದು ಯಾರಿಗೆ?" ದೋನ್ಯಾ ಕಸಿಲ್ದಾರ ಧ್ವನಿಯಲ್ಲಿ ಈಗ ತಮಾಷೆ ಇರಲಿಲ್ಲ.

"ಅದನ್ನ ಬಿಡಿ. ಅಲ್ಲೊಂದು ತೂತಿದೆ ಅಂತ ರಾಜಧಾನಿಯವನಾದ ನನಗೆ ಯಾರು ಹೇಳಿದ್ರು, ಅದನ್ನ ಕೇಳಿ."

ಅವನನ್ನು ಕರೆದೊಯ್ದರು. ಜನ ಇನ್ನೂ ಕುಣಿಯುತ್ತಿದ್ದರು. ಈ ಮಾತುಗಳು ತೊಟ್ಟಿಯ ಅಂಚಿನಲ್ಲಿದ್ದ ನಾಲ್ಕೈದು ಜನರಿಗೆ ಬಿಟ್ಟರೆ ಯಾರಿಗೂ ಕೇಳಿಸಿರಲಿಲ್ಲ.

"ಎಲಾದಿಯೊ," ದೋನ್ಯಾ ಕಸಿಲ್ದಾ ಅಂಚಿನ ಮೇಲೆ ಕೂತರು. "ಒಳಗೆ ಏನಿತ್ತು?"

"ಸೀಸದ ಒಂದು ಹಾಳೆ. ಮುತ್ತಜ್ಜನ ಅಪ್ಪ ಬರೆದು ಇಟ್ಟಿದ್ದು." ಅವನು ಬಜಾರಿಯನ್ನು ಎದೆಗೊತ್ತಿಕೊಂಡಿದ್ದ. "ಆ ಮೂವರು ಹೆಂಗಸರ ಹೆಸರು. ಅವರನ್ನ ಕೊಲ್ಲಿಸಿದವನ ಹೆಸರು. ಆ ಮನೆತನ ಇನ್ನೂ ಇದೇ ಊರಲ್ಲಿದೆ ಅಂತ ನಮ್ಮಪ್ಪ ಹೇಳ್ತಿದ್ದ. ಯಾವುದು ಅಂತ ಹೇಳ್ಲಿಲ್ಲ. ಕಾಲ ಬಂದಾಗ ತೆಗೆದು ಓದು ಅಂದಿದ್ದ."

"ಯಾರ್ಯಾರಿಗೆ ಗೊತ್ತಿತ್ತು?"

"ನಮ್ಮನೇಲಿ ಒಬ್ಬರಿಂದ ಒಬ್ಬರಿಗೆ ಮಾತ್ರ. ಮಗು ಮೊದಲನೇ ಸಲ ಒಂಟಿಯಾಗಿ ಒಂದು ಮುಖ ಕೆತ್ತಿ ಮುಗಿಸಿದ ದಿನ, ಉಳಿ ಕೈಗೆ ಕೊಟ್ಟು ಕಿವೀಲಿ ಹೇಳೋದು. ನಮ್ಮಪ್ಪ ನಂಗೆ ಹೇಳ್ದ. ಅವನು ತೀರಿಕೊಂಡ."

"ನೀವು ಯಾರಿಗೆ ಹೇಳಿದ್ರಿ?"

ಹತ್ತೊಂಬತ್ತು ದಿನದಲ್ಲಿ ಮೊದಲ ಸಲ ಎಲಾದಿಯೊ ಕಲ್ಲನ್ನು ಬಿಟ್ಟು ಮಗಳ ಮುಖ ನೋಡಿದ.

"ಅಪ್ಪಾ, ನಾನು ಯಾರಿಗೂ ಹೇಳಿಲ್ಲ," ಎಂದಳು ಒತಿಲಿಯಾ. "ನಿನ್ನಾಣೆ ಅಪ್ಪಾ."

ಹುಡುಗಿಯ ಕಣ್ಣು ತುಂಬಿತ್ತು. ನನ್ನ ಕೈಯಲ್ಲಿ ನಡೆದಾಡುವುದನ್ನು ಕಲಿತ ಮಗು ಅದು. ನಾನು ನಂಬಿದೆ. ನಂಬಿಕೊಂಡೇ ಪೆಟ್ಟಿಗೆಯಿಂದ ಫೋಟೊ ಹೊರತೆಗೆದೆ. ಮೊದಲು ಬರುವುದು ಬೆಳಕು ಕಪ್ಪಾಗಿ, ಕತ್ತಲೆ ಬಿಳಿಯಾಗಿ ಬಿದ್ದ ಚಿತ್ರ. ಅದನ್ನೇ ಮತ್ತೆ ಫೋಟೊ ತೆಗೆದರೆ ಸರಿಯಾದದ್ದು ಬರುತ್ತದೆ. ಮೂವತ್ತೊಂದು ವರ್ಷದ ಅಭ್ಯಾಸ, ನನಗೆ ಮೊದಲನೆಯದೇ ಸಾಕು.

ಬಜಾರಿ ಬಾಯಿ ತೆರೆದ ಗಳಿಗೆ ಅದು. ಬಿರಡೆಯ ವಿಷಯ ಯಾರಿಗೂ ಗೊತ್ತಾಗುವ ಮೊದಲು. ಎಲಾದಿಯೊ, ದೋನ್ ತ್ರಾಂಕಿಲೀನೊ, ಬಾರಗಾನ್, ಹಿಂದಿನ ನೂರಾರು ಮುಖಗಳು, ಎಲ್ಲರ ಕಣ್ಣೂ ಆ ಬಾಯಿಯ ಮೇಲೆ.

ಒತಿಲಿಯಾ ಒಬ್ಬಳು ನೀರಿನಲ್ಲಿ ಬಗ್ಗಿ, ಕುತ್ತಿಗೆಯ ತಳದ ತೂತನ್ನು ನೋಡುತ್ತಿದ್ದಳು.

ನೆರಳು ಬಿತ್ತು. ದೋನ್ಯಾ ಕಸಿಲ್ದಾ ಪಕ್ಕದಲ್ಲಿ ಬಂದು ನಿಂತು ಕೈ ಚಾಚಿದ್ದರು.

"ಫೋಟೊ ಬಂತಾ ನಾಬೋರ್?"

"ಇನ್ನೂ ಇಲ್ಲ," ಎಂದೆ. ಬೆನ್ನ ಹಿಂದೆ ಹಿಡಿದ ಕಾಗದದಿಂದ ನೀರು ತೊಟ್ಟಿಕ್ಕುತ್ತಿತ್ತು.